ಪುಣೆಯ ಫ್ಲ್ಯಾಟ್‌ನಲ್ಲಿ ಬೆಕ್ಕು ಸಾಕಿದ್ದೇವೆ. ‘ಕ್ಯಾಟ್ ಫ್ಲ್ಯಾಪ್’ ಅಂದರೆ ಏನು? ಎಲ್ಲಿ ಹಾಕಿಸಬೇಕು?

ಬೆಕ್ಕು ತಾನೇ ತಳ್ಳಿಕೊಂಡು ಓಡಾಡಲಿ ಅಂತ ಬಾಗಿಲಿನ ಕೆಳಭಾಗದಲ್ಲಿ ಕೂರಿಸುವ ಪುಟ್ಟ ಕಿಂಡಿಯೇ ಕ್ಯಾಟ್ ಫ್ಲ್ಯಾಪ್. ಬ್ರಿಟನ್‌ನಲ್ಲಿ ಈ ಹೆಸರು ಜಾಸ್ತಿ, ಅಮೆರಿಕದಲ್ಲಿ ಪೆಟ್ ಡೋರ್. ಇಲ್ಲಿನ ಕನ್ನಡದ ಮನೆಗಳಲ್ಲಿ ‘ಬೆಕ್ಕಿನ ಕಿಂಡಿ’ ಅಂದರೂ ಸಾಕು. ಇದು ಹೊಸದೇನಲ್ಲ. ಇಂಗ್ಲೆಂಡಿನ ದೊಡ್ಡ ಚರ್ಚಾದ ಎಕ್ಸೆಟರ್ ಕೆಥೀಡ್ರಲ್‌ನಲ್ಲಿ ಗಡಿಯಾರದ ಕೆಳಗಿನ ಬಾಗಿಲಿಗೆ ಬೆಕ್ಕಿಗೆಂದೇ ಕೊರೆದ ಹಳೇ ತೂತು ಈಗಲೂ ಇದೆ.

ಈಗಿನ ಕಿಂಡಿಗೆ ಮೇಲಿಂದ ತೂಗುವ ಪ್ಲಾಸ್ಟಿಕ್ ಹಲಗೆ ಇರುತ್ತದೆ. ಬೆಕ್ಕು ತಲೆಯಿಂದ ನೂಕಿ ದಾಟುತ್ತದೆ, ಹಲಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಗಾಳಿಗೆ ಬಡಿಯದಂತೆ ಅಂಚಿನಲ್ಲಿ ಆಯಸ್ಕಾಂತ ಇರುತ್ತದೆ.

ಫ್ಲ್ಯಾಟ್‌ನ ಮೇನ್ ಡೋರ್‌ಗೆ ಮಾತ್ರ ದಯವಿಟ್ಟು ಬೇಡ. ಆಚೆ ಲಿಫ್ಟು, ಮೆಟ್ಟಿಲು, ಕೆಳಗೆ ಪಾರ್ಕಿಂಗ್. ಬೆಕ್ಕು ಅಲ್ಲಿ ಗಾಬರಿಯಾದರೆ ಹುಡುಕುವುದು ಕಷ್ಟ ಅಲ್ವಾ? ಅಡುಗೆಮನೆಯಿಂದ ಡ್ರೈ ಬಾಲ್ಕನಿಗೆ (ಬಟ್ಟೆ ಒಗೆದು ಒಣಹಾಕುವ ಪುಟ್ಟ ಬಾಲ್ಕನಿ) ಹೋಗುವ ಬಾಗಿಲೇ ಸರಿಯಾದ ಜಾಗ. ಲಿಟರ್ ಟ್ರೇ (ಬೆಕ್ಕು ಮಲಮೂತ್ರ ಮಾಡುವ ತಟ್ಟೆ) ಕೂಡ ಅಲ್ಲೇ ಇಡಬಹುದು. ಆದರೆ ಮೊದಲು ಬಾಲ್ಕನಿಗೆ ಗಟ್ಟಿ ಜಾಲರಿ ಹಾಕಿಸಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿಯೇ ಬಾಗಿಲು ಕೊರೆಸಿ.

ಕಿಂಡಿಯ ಕೆಳ ಅಂಚು ಬೆಕ್ಕಿನ ಹೊಟ್ಟೆಯ ಮಟ್ಟಕ್ಕೆ ಬರಲಿ. ಮೊದಮೊದಲು ಹಲಗೆಯನ್ನು ಟೇಪ್ ಹಚ್ಚಿ ಮೇಲೆತ್ತಿಡಿ, ಆಚೆ ಕಡೆ ತಿಂಡಿ ಇಟ್ಟು ಕರೆಯಿರಿ. ಹಿಡಿದು ನೂಕಬೇಡಿ, ಹೆದರಿದ ಬೆಕ್ಕು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.