ಮಕ್ಕಳ ಹೃದಯ ವಿಭಾಗ ಕಟ್ಟುವಾಗ ಮೊದಲ ಹಣ ಯಾವುದಕ್ಕೆ?

ಪ್ರಶ್ನೆ: ನಾನು ಮಕ್ಕಳ ತಜ್ಞೆ. ನಮ್ಮ ಆಸ್ಪತ್ರೆಯಲ್ಲಿ ದೊಡ್ಡವರ ಹೃದಯ ಶಸ್ತ್ರಚಿಕಿತ್ಸೆ ವರ್ಷಗಳಿಂದ ನಡೆಯುತ್ತಿದೆ. ಹುಟ್ಟಿನಿಂದಲೇ ಹೃದಯ ದೋಷವಿರುವ ಮಕ್ಕಳಿಗೂ ಚಿಕಿತ್ಸೆ ಆರಂಭಿಸಬೇಕೆಂದು ಆಡಳಿತ ಮಂಡಳಿ ಈಗ ನಿರ್ಧರಿಸಿದೆ. ಒಳ್ಳೆಯ ಶಸ್ತ್ರಚಿಕಿತ್ಸಕರನ್ನು ಕರೆತಂದು, ಯಂತ್ರಗಳನ್ನು ಕೊಂಡರೆ ಸಾಕೇ?

ಉತ್ತರ: ಸಾಲದು. ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಮಗು ಚೇತರಿಸಿಕೊಳ್ಳುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆಮೇಲಿನ ರಾತ್ರಿಗಳಲ್ಲಿ ತೀರ್ಮಾನವಾಗುತ್ತದೆ. ಆದ್ದರಿಂದ ಮೊದಲ ಹಣವನ್ನು ತೀವ್ರ ನಿಗಾ ಘಟಕದ ನರ್ಸ್‌ಗಳಿಗಾಗಿ ಎತ್ತಿಡಿ.

ಮೂರು ಕಿಲೋ ತೂಕದ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 250 ಮಿಲಿಲೀಟರ್. ಎದೆಗೆ ಹಾಕಿದ ನಳಿಕೆಯಿಂದ 25 ಮಿಲಿಲೀಟರ್ ಸೋರಿದರೆ ಹತ್ತರಲ್ಲೊಂದು ಪಾಲು ಹೋದಂತೆ. ಔಷಧ ಗಂಟೆಗೆ ಒಂದು ಮಿಲಿಲೀಟರಿಗಿಂತ ಕಡಿಮೆ ಹರಿಯುತ್ತಿರಬಹುದು. ಸಿರಿಂಜು ಬದಲಿಸುವಾಗ ಆಗುವ ಸಣ್ಣ ತಡೆಗೇ ರಕ್ತದೊತ್ತಡ ಕುಸಿಯಬಹುದು. ಪರದೆಯ ಮೇಲಿನ ಅಂಕಿ ಇನ್ನೂ ಸರಿಯಾಗಿ ಕಾಣುತ್ತಿರುವಾಗಲೇ ಪಾದ ತಣ್ಣಗಾಗುತ್ತಿದೆ, ಮೂತ್ರ ಕಡಿಮೆಯಾಗಿದೆ ಎಂದು ಕಂಡುಕೊಳ್ಳುವವರು ಹಾಸಿಗೆಯ ಪಕ್ಕದಲ್ಲಿರುವ ನರ್ಸ್. ಆ ಕಣ್ಣು ಪಳಗಲು ಕಾಲ ಬೇಕು. ಪಳಗಿದವರನ್ನು ಬೇರೆ ವಾರ್ಡಿಗೆ ವರ್ಗ ಮಾಡುವ ಪದ್ಧತಿಯನ್ನು ಈ ವಿಭಾಗದ ಮಟ್ಟಿಗಾದರೂ ನಿಲ್ಲಿಸಬೇಕು. ದೊಡ್ಡವರ ಘಟಕದಲ್ಲೇ ಎರಡು ಹಾಸಿಗೆ ಬಿಡಿಸಿಕೊಡುತ್ತೇವೆ ಎಂದರೆ ದಯವಿಟ್ಟು ಒಪ್ಪಬೇಡಿ.

ಇನ್ನು ಮಗು ನಿಮ್ಮ ಬಾಗಿಲಿಗೆ ಬರುವ ದಾರಿ. ಕೆಲವು ದೋಷಗಳಲ್ಲಿ ಮಗು ಬದುಕಿರುವುದೇ ಗರ್ಭದಲ್ಲಿದ್ದಾಗಿನ ರಕ್ತನಾಳವೊಂದು ಇನ್ನೂ ತೆರೆದಿರುವುದರಿಂದ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಮುಚ್ಚಿಕೊಳ್ಳತೊಡಗುತ್ತದೆ. ಪ್ರೊಸ್ಟಾಗ್ಲಾಂಡಿನ್ ಔಷಧ ಅದನ್ನು ತೆರೆದಿಡುತ್ತದೆ, ಆದರೆ ಉಸಿರು ನಿಲ್ಲುವ ಅಪಾಯವೂ ಜೊತೆಗಿದೆ. ಹಾಗಾಗಿ ಸುತ್ತಲಿನ ಹೆರಿಗೆ ಆಸ್ಪತ್ರೆಗಳಲ್ಲಿ 24 ಗಂಟೆ ತುಂಬಿದ ಶಿಶುವಿನ ಬಲಗೈ ಮತ್ತು ಒಂದು ಪಾದದಲ್ಲಿ ಆಮ್ಲಜನಕದ ಮಟ್ಟ ಅಳೆಯುವುದು, ಸಂಶಯ ಬಂದರೆ ಯಾರಿಗೆ ಫೋನ್ ಮಾಡಬೇಕೆಂದು ತಿಳಿದಿರುವುದು, ಆಂಬ್ಯುಲೆನ್ಸಿನಲ್ಲಿ ಉಸಿರಾಟ ಕಾಯಬಲ್ಲವರು ಜೊತೆಗಿರುವುದು ಇವೆಲ್ಲವೂ ನಿಮ್ಮ ವಿಭಾಗದ್ದೇ ಕೆಲಸ. ಈ ಕೊಂಡಿ ಇಲ್ಲದಿದ್ದರೆ ಮಕ್ಕಳು ನಿಮ್ಮನ್ನು ತಲುಪುವಷ್ಟರಲ್ಲಿ ಮೂತ್ರಪಿಂಡ, ಮಿದುಳು ಜಖಂಗೊಂಡಿರುತ್ತವೆ.

ಹೃದಯದ ಕೋಣೆಗಳ ನಡುವಿನ ರಂಧ್ರಗಳಂಥ ದೋಷಗಳಿಂದ ಆರಂಭಿಸಿ. ಒಂದೇ ಕೆಳಕೋಣೆ ಕೆಲಸ ಮಾಡುವ ಶಿಶುಗಳನ್ನು ಸದ್ಯಕ್ಕೆ ಅನುಭವವಿರುವ ಕೇಂದ್ರಕ್ಕೇ ಕಳುಹಿಸಿ. ಅದರಲ್ಲಿ ಅವಮಾನವೇನೂ ಇಲ್ಲ.

ಮೊದಲ ದಿನದಿಂದಲೇ ಫಲಿತಾಂಶಗಳನ್ನು ಬರೆದಿಡಿ. ಇಂಗ್ಲೆಂಡಿನ ಬ್ರಿಸ್ಟಲ್‌ನ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಬಗ್ಗೆ ಇಯಾನ್ ಕೆನಡಿ ನೇತೃತ್ವದ ವಿಚಾರಣಾ ವರದಿ 2001ರಲ್ಲಿ ಬಂತು. 1991ರಿಂದ 1995ರ ನಡುವೆ ಅಲ್ಲಿ ಒಂದು ವರ್ಷದೊಳಗಿನ ಮಕ್ಕಳ ಸಾವು, ಆ ಕಾಲದ ಸಾಧಾರಣ ಘಟಕದಲ್ಲಿ ನಿರೀಕ್ಷಿಸಬಹುದಾಗಿದ್ದುದಕ್ಕಿಂತ ಹೆಚ್ಚಾಗಿತ್ತು: 30ರಿಂದ 35 ಮಕ್ಕಳು ಹೆಚ್ಚಾಗಿ ಸತ್ತಿದ್ದರು. ಒಳಗಿನವರೊಬ್ಬರು ಎಚ್ಚರಿಸಿದ್ದರೂ ಕೇಳುವವರಿರಲಿಲ್ಲ. ನಿಮ್ಮಲ್ಲಿ ಪ್ರತಿ ಸಾವಿನ ಚರ್ಚೆಯಲ್ಲೂ ನರ್ಸ್‌ಗಳು ಕುಳಿತಿರಲಿ, ಅಂಜಿಕೆಯಿಲ್ಲದೆ ಮಾತನಾಡಲಿ.

ಪ್ರಶ್ನೆ: ನನ್ನ ಮೂರು ತಿಂಗಳ ಮಗನ ಹೃದಯದ ಕೆಳಕೋಣೆಗಳ ನಡುವೆ ದೊಡ್ಡ ರಂಧ್ರವಿದೆ. ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದೇವೆ. ಪದೇ ಪದೇ ತೂಕ ನೋಡಲು ಹೇಳುವುದೇಕೆ? ದಪ್ಪಗಾಗುವವರೆಗೂ ಕಾಯಬೇಕೇ?

ಉತ್ತರ: ಅಮ್ಮಾ, ನಿಮ್ಮ ಮಗುವಿಗೆ ಹಾಲು ಕುಡಿಯುವುದೇ ದೊಡ್ಡ ದುಡಿಮೆ. ಕುಡಿಯುವಾಗ ಹಣೆ ಬೆವರುವುದು, ನಡುವೆ ಬಿಟ್ಟು ಏದುಸಿರು ಬಿಡುವುದು ಅದರ ಲಕ್ಷಣ. ಆರೋಗ್ಯವಂತ ಕೂಸು ಮೊದಲ ತಿಂಗಳುಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರುತ್ತದೆ. ಏರಿಕೆ ನಿಂತರೆ ಹೃದಯ ಸೋಲುತ್ತಿದೆ ಎಂಬ ಸೂಚನೆ ತಕ್ಕಡಿಯಲ್ಲೇ ಸಿಗುತ್ತದೆ. ಹಾಲಿನ ಪೌಷ್ಟಿಕತೆ ಹೆಚ್ಚಿಸುವುದೋ, ಔಷಧ ಬದಲಿಸುವುದೋ, ಶಸ್ತ್ರಚಿಕಿತ್ಸೆ ಬೇಗ ಮಾಡುವುದೋ ಎಂದು ವೈದ್ಯರು ಆಗ ನಿರ್ಧರಿಸುತ್ತಾರೆ. ದಪ್ಪಗಾಗಲಿ ಎಂದು ತಿಂಗಳುಗಟ್ಟಲೆ ಮುಂದೂಡಬೇಡಿ. ಶ್ವಾಸಕೋಶದ ರಕ್ತನಾಳಗಳು ಒತ್ತಡಕ್ಕೆ ಶಾಶ್ವತವಾಗಿ ಗಡುಸಾಗಬಲ್ಲವು. ಹಗಲು ರಾತ್ರಿ ಕರೆ ಮಾಡಬಹುದಾದ ನಂಬರೊಂದನ್ನು ವಿಭಾಗದವರಿಂದ ಕೇಳಿ ಪಡೆಯಿರಿ. ಮಗು ಎರಡು ಸಲ ಹಾಲು ಬಿಟ್ಟರೆ, ಉಸಿರಾಡುವಾಗ ಪಕ್ಕೆ ಒಳಸೆಳೆದರೆ, ಮೈ ಬಿಳಿಚಿಕೊಂಡರೆ ಬೆಳಗಾಗಲೆಂದು ಕಾಯದೆ ಕರೆ ಮಾಡಿ.