ಪ್ಲೇಟಿಂಗ್ ಆದ ಬೋಲ್ಟಿನೊಳಗೆ ಹೈಡ್ರೋಜನ್ ಸೇರಿದೆಯೇ ಎಂದು ತಿಳಿಯುವ ಬಗೆ

ಹಳೆಯ ಬೈಕಿನ 12.9 ದರ್ಜೆಯ (ಬಹಳ ಗಟ್ಟಿ ಉಕ್ಕಿನ) ಬೋಲ್ಟುಗಳ ತುಕ್ಕನ್ನು ಆಸಿಡ್‌ನಲ್ಲಿ ತೆಗೆಸಿ ಜಿಂಕ್ (ಸತು) ಪ್ಲೇಟಿಂಗ್ ಮಾಡಿಸಿದ ಮೇಲೆ, ಬಿಗಿದ ಮರುದಿನ ಒಂದರ ತಲೆ ತಾನಾಗಿಯೇ ಕಳಚಿ ಬಿದ್ದಿದೆ ಎಂದು ಬರೆದು, ಉಳಿದವುಗಳಲ್ಲಿ ಹೈಡ್ರೋಜನ್ ಇದೆಯೇ ಎಂದು ನೋಡುವುದು ಹೇಗೆಂದು ಕೇಳಿದ್ದೀರಿ. ಬಿಗಿಯುವಾಗ ತಡೆದುಕೊಂಡದ್ದು ಗಂಟೆಗಳ ನಂತರ ಮುರಿದಿರುವುದೇ ದೊಡ್ಡ ಸುಳಿವು. ದಯವಿಟ್ಟು ಸದ್ಯಕ್ಕೆ ಗಾಡಿ ಓಡಿಸಬೇಡಿ.

ಆಸಿಡ್‌ನಲ್ಲೂ ಪ್ಲೇಟಿಂಗ್‌ನಲ್ಲೂ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಹತ್ತು ಲಕ್ಷದಲ್ಲಿ ಕೆಲವೇ ಭಾಗದಷ್ಟು ಸಾಕು, ಇಂಥ ಗಟ್ಟಿ ಉಕ್ಕು ಪೆಡಸಾಗುತ್ತದೆ. ಪ್ರಯೋಗಾಲಯದಲ್ಲಿ ತುಂಡನ್ನು ಜಡ ಅನಿಲದ ನಡುವೆ ಗ್ರಾಫೈಟ್ ಮೂಸೆಯಲ್ಲಿ ಕರಗಿಸಿ, ಹೊರಬಂದ ಅನಿಲವನ್ನು ಅಳೆಯುತ್ತಾರೆ. ಆದರೆ ಅದು ಒಟ್ಟು ಪ್ರಮಾಣ. ಬಿರುಕು ತರುವುದು ಲೋಹದೊಳಗೆ ಓಡಾಡುವ ಭಾಗ, ಅದನ್ನು ಬೇರ್ಪಡಿಸಿ ನೋಡಲು ನಿಧಾನವಾಗಿ ಕಾಯಿಸುತ್ತಾ ಅಳೆಯಬೇಕು. 1875ರಲ್ಲಿ ಇಂಗ್ಲೆಂಡಿನ ಸಂಶೋಧಕ ವಿಲಿಯಂ ಜಾನ್ಸನ್ ಇದನ್ನು ಬರಿಗಣ್ಣಿನಲ್ಲೇ ಕಂಡಿದ್ದರು: ಆಸಿಡ್‌ನಲ್ಲಿ ನೆನೆದ ಕಬ್ಬಿಣದ ತಂತಿಯನ್ನು ಮುರಿದು, ಮುರಿದ ಮುಖವನ್ನು ಒದ್ದೆ ಮಾಡಿದಾಗ ಸಣ್ಣ ಗುಳ್ಳೆಗಳು ನೊರೆಯಂತೆ ಏಳುತ್ತಿದ್ದವು, ಹಾಗೇ ಬಿಟ್ಟ ತಂತಿ ಕಾಲ ಕಳೆದಂತೆ ಮೊದಲಿನ ಗಟ್ಟಿತನಕ್ಕೆ ಮರಳುತ್ತಿತ್ತು. ನಿಮ್ಮ ಬೋಲ್ಟಿನ ಮೇಲಿನ ಸತುವಿನ ಪದರ ಹೈಡ್ರೋಜನ್ನನ್ನು ಅಷ್ಟು ಸುಲಭವಾಗಿ ಹೊರಗೆ ಬಿಡುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಬಿಗಿದಿಟ್ಟು ಕಾಯುವ ಪರೀಕ್ಷೆ. ಅದೇ ಕಂತಿನ, ಅಂದರೆ ಒಟ್ಟಿಗೆ ಪ್ಲೇಟಿಂಗ್ ಆದ, ಕೆಲವು ಬೋಲ್ಟುಗಳನ್ನು ಸಮಾನಾಂತರ ಮುಖಗಳಿರುವ ದಪ್ಪ ಉಕ್ಕಿನ ತಟ್ಟೆಗೆ ಟಾರ್ಕ್ (ತಿರುಚುವ ಬಲ) ಅಳೆಯುವ ರೆಂಚಿನಿಂದ ನಿಗದಿತ ಬಿಗಿತಕ್ಕೆ ಬಿಗಿದು, 48 ಗಂಟೆ ಇಡಿ. 24 ಗಂಟೆಗೊಮ್ಮೆ ಅದೇ ಟಾರ್ಕಿಗೆ ಮತ್ತೆ ಬಿಗಿಯಿರಿ. ತಲೆ ಗುಂಡಿನಂತೆ ಸಿಡಿಯಬಹುದು, ಆದ್ದರಿಂದ ಮೇಲೆ ಗಟ್ಟಿ ಪೆಟ್ಟಿಗೆ ಮುಚ್ಚಿ, ಕನ್ನಡಕವಿಲ್ಲದೆ ಹತ್ತಿರ ಹೋಗಬೇಡಿ. ಒಂದು ಮುರಿದರೂ, ಕೊರಳಲ್ಲಿ ಕೂದಲೆಳೆ ಬಿರುಕು ಕಂಡರೂ, ಇಡೀ ಕಂತನ್ನು ಗುಜರಿಗೆ ಹಾಕಿ. ಎಲ್ಲವೂ ಉಳಿದರೆ ಸಂಶಯ ಕಡಿಮೆಯಾಗುತ್ತದೆಯೇ ಹೊರತು ಖಾತ್ರಿ ಸಿಗುವುದಿಲ್ಲ. ಬ್ರೇಕಿಗೆ ಅವನ್ನು ನಾನಂತೂ ಹಾಕಲಾರೆ.

ಪ್ಲೇಟಿಂಗ್ ಮುಗಿದ 4 ಗಂಟೆಯೊಳಗೆ 190–220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸಿದ್ದರೆ ಹೈಡ್ರೋಜನ್ ಬಹುಪಾಲು ನಿರುಪದ್ರವಿಯಾಗುತ್ತಿತ್ತು, ಪ್ಲೇಟಿಂಗ್ ಅಂಗಡಿಯಲ್ಲಿ ಇದನ್ನು ಮೊದಲೇ ಕೇಳಬೇಕಿತ್ತು. ಬಿಗಿದು ಬಿರುಕು ಶುರುವಾದ ಮೇಲೆ ಕಾಯಿಸಿ ಪ್ರಯೋಜನವಿಲ್ಲ, ಬಿರುಕು ಕೂಡಿಕೊಳ್ಳುವುದಿಲ್ಲ. 8.8 ದರ್ಜೆಯ ಉಕ್ಕು ಮೆದು, ಅಲ್ಲಿ ಈ ಭಯ ಬಹಳ ಕಡಿಮೆ. 12.9 ಬೇಕೇ ಬೇಕೆಂದಿದ್ದರೆ ಎಣ್ಣೆ ಸವರಿದ ಹೊಸ ಕಪ್ಪು ಬೋಲ್ಟನ್ನೇ ತನ್ನಿ, ತುಕ್ಕು ಬಂದರೆ ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ.