ಹಿತ್ತಲ ಹೊಂಡದಲ್ಲಿ ಮೀನಿದೆ, ಜೊತೆಗೆ ಒಂದು ಡಜನ್ ಬಾತುಕೋಳಿ ಬಿಡಬಹುದಾ?

ಆಲೂರು ಹತ್ತಿರ ಮನೆ, ಹಿತ್ತಲಲ್ಲಿ 40 ಅಡಿ ಉದ್ದ 30 ಅಡಿ ಅಗಲದ ಹೊಂಡ, ಆರಡಿ ನೀರು. ಈಗಷ್ಟೇ 300 ಕಾಟ್ಲಾ, ರೋಹು ಮರಿ ಬಿಟ್ಟಿದ್ದೀರಿ. ಮಕ್ಕಳು ಬಾತು ಬೇಕು ಅಂತ ಹಟ ಹಿಡಿದಿದ್ದಾರೆ, ಹನ್ನೆರಡು ತರೋಣ ಅಂತಿದ್ದೀರಿ. ಬಾತು ಮೀನನ್ನು ತಿಂದು ಹಾಕುತ್ತದಾ, ನೀರು ನಾರುತ್ತದಾ, ಹಿಕ್ಕೆಯಿಂದಲೇ ಮೀನು ಬೆಳೆದು ತೌಡಿನ ಖರ್ಚು ಉಳಿಯುತ್ತದಾ ಅಂತ ಕೇಳಿದ್ದೀರಿ.

ನಮ್ಮದು ಸಕಲೇಶಪುರದ ಕಡೆ. ಹೊಂಡ, ಮೀನು, ಬಾತು ಮೂರನ್ನೂ ಇಟ್ಟುಕೊಂಡಿದ್ದೇವೆ. ನನ್ನ ಉತ್ತರ ಇಷ್ಟೇ: ಬಿಡಬಹುದು, ಆದರೆ ಹನ್ನೆರಡಲ್ಲ, ಮೂರು. ಹನ್ನೆರಡು ಬೇಕೇ ಬೇಕು ಅಂದರೆ ಅದಕ್ಕೂ ದಾರಿ ಇದೆ, ಆಮೇಲೆ ಹೇಳುತ್ತೇನೆ.

ಎಲ್ಲರೂ ಮೊದಲು ಕೇಳುವುದು ಬಾತು ಮೀನು ತಿನ್ನುತ್ತದಾ ಅಂತ. ಚಿಕ್ಕ ಮರಿ ಸಿಕ್ಕರೆ ಖಂಡಿತ ತಿನ್ನುತ್ತದೆ. ಬೆರಳುದ್ದದ ಮರಿ ಅದಕ್ಕೆ ಒಂದು ತುತ್ತು. ನಾಲ್ಕು ಇಂಚು ದಾಟಿದ ಮೀನು ಬಾತಿನ ಕೊಕ್ಕಿಗೆ ಸಿಗುವುದಿಲ್ಲ, ಸಿಕ್ಕರೂ ನುಂಗಲು ಆಗುವುದಿಲ್ಲ. ಅದು ಬಸವನಹುಳು, ಹುಳ, ಪಾಚಿ, ಕೆಸರಲ್ಲಿರುವ ಕಾಳು ಹುಡುಕುವ ಪ್ರಾಣಿ. ನೀರುಕಾಗೆಯ ಹಾಗೆ ಮುಳುಗಿ ಮೀನನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ನಿಮ್ಮ ಮರಿಗಳು ನಾಲ್ಕು ಇಂಚು ಆಗುವವರೆಗೆ ತಡೆದುಕೊಳ್ಳಿ, ಸಾಕು. ಆಮೇಲೆ ಆ ಭಯ ಬಿಟ್ಟುಬಿಡಿ.

ನಿಜವಾದ ಭಯ ಬೇರೆ ಇದೆ. ಬಾತು ತಿಂದು ಸಾಯುವ ಮೀನಿಗಿಂತ ಬಾತಿನ ಹಿಕ್ಕೆಯಿಂದ ಸಾಯುವ ಮೀನು ಜಾಸ್ತಿ.

ದೊಡ್ಡ ಬಾತು ಒಂದು ದಿನಕ್ಕೆ ಸುಮಾರು 125 ರಿಂದ 150 ಗ್ರಾಂ ಹಿಕ್ಕೆ ಹಾಕುತ್ತದೆ. ಹನ್ನೆರಡು ಬಾತು ಅಂದರೆ ದಿನಕ್ಕೆ ಒಂದೂವರೆ ಕೆಜಿಗೂ ಮೇಲೆ. ತಿಂಗಳಿಗೆ ಲೆಕ್ಕ ಹಾಕಿದರೆ 45 ಕೆಜಿ ದಾಟುತ್ತದೆ. ಇಷ್ಟೆಲ್ಲ ಬೀಳುವುದು ಒಂದು ಗುಂಟೆಗಿಂತ ಚೂರು ಜಾಸ್ತಿ ಇರುವ ಹೊಂಡಕ್ಕೆ. ಮೀನು ಮತ್ತು ಬಾತು ಒಟ್ಟಿಗೆ ಸಾಕುವವರಿಗೆ ಮೀನುಗಾರಿಕೆಯವರು ಹೇಳುವುದು ಹೆಕ್ಟೇರಿಗೆ 200 ರಿಂದ 300 ಬಾತು. ಒಂದು ಹೆಕ್ಟೇರು ಅಂದರೆ ಸುಮಾರು 99 ಗುಂಟೆ. ಅಂದರೆ ಗುಂಟೆಗೆ ಎರಡೋ ಮೂರೋ. ನಾನು ಮೂರು ಅಂದಿದ್ದು ಈ ಲೆಕ್ಕದಿಂದ.

ಹಿಕ್ಕೆ ಮಿತಿಯಲ್ಲಿದ್ದರೆ ಒಳ್ಳೆಯದೇ. ಅದು ನೀರಿಗೆ ಗೊಬ್ಬರ. ಗೊಬ್ಬರ ಬಿದ್ದರೆ ಕಣ್ಣಿಗೆ ಕಾಣದ ಪಾಚಿ, ಅದನ್ನು ತಿನ್ನುವ ಸಣ್ಣ ಜೀವಿಗಳು ಹುಟ್ಟುತ್ತವೆ. ಕಾಟ್ಲಾ, ಬೆಳ್ಳಿಗೆಂಡೆ ಬೆಳೆಯುವುದೇ ಇವುಗಳಿಂದ. ಮಿತಿ ಮೀರಿದರೆ ಪಾಚಿ ಹೆಚ್ಚಾಗಿ ನೀರು ಹಸಿರು ಬಣ್ಣದ ಗಂಜಿಯಾಗುತ್ತದೆ. ಹಗಲು ಬಿಸಿಲಿದ್ದಾಗ ಈ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ತೆಗೆದುಕೊಳ್ಳುತ್ತದೆ. ಕೊಳೆಯುವ ಹಿಕ್ಕೆಯೂ ತೆಗೆದುಕೊಳ್ಳುತ್ತದೆ, ಮೀನಿಗೂ ಬೇಕು. ಹಾಗಾಗಿ ಬೆಳಗಿನ ಜಾವಕ್ಕೆ ನೀರಲ್ಲಿ ಉಸಿರೇ ಉಳಿದಿರುವುದಿಲ್ಲ.

ನಮ್ಮ ಕಡೆ ಇದು ಇನ್ನೂ ಅಪಾಯ. ಜುಲೈ, ಆಗಸ್ಟಲ್ಲಿ ದಿನಗಟ್ಟಲೆ ಸೂರ್ಯನ ಮುಖವೇ ಕಾಣುವುದಿಲ್ಲ ಅಲ್ವಾ? ಬಿಸಿಲಿಲ್ಲದಿದ್ದರೆ ಹಗಲಲ್ಲೂ ಪಾಚಿ ಸರಿಯಾಗಿ ಆಮ್ಲಜನಕ ಮಾಡುವುದಿಲ್ಲ, ಖರ್ಚು ಮಾತ್ರ ನಡೆದೇ ಇರುತ್ತದೆ. ಅರಸೀಕೆರೆ, ಕಡೂರಿನ ಬಯಲಲ್ಲಿ ಹೊಂಡ ಇರುವವರ ಅನುಭವ ಕೇಳಿಕೊಂಡು ಆಲೂರಲ್ಲಿ ಹಾಗೇ ಮಾಡಬೇಡಿ. ಮೋಡ ಕವಿದ ವಾರಗಳಲ್ಲಿ ನಾನು ಬಾತುಗಳನ್ನು ಹೊಂಡಕ್ಕೆ ಬಿಡುವುದೇ ಇಲ್ಲ. ಮೀನಿನ ತಿಂಡಿಯನ್ನೂ ಅರ್ಧಕ್ಕೆ ಇಳಿಸುತ್ತೇನೆ.

ಪರೀಕ್ಷೆ ಮಾಡಲು ಯಂತ್ರ ಏನೂ ಬೇಡ. ಮೊಣಕೈವರೆಗೆ ಕೈ ಮುಳುಗಿಸಿ ಅಂಗೈ ನೋಡಿ. ಮಸುಕಾಗಿ ಕಂಡರೆ ನೀರು ಸರಿ ಇದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಕಾಣದಾದರೆ ಗೊಬ್ಬರ ಜಾಸ್ತಿಯಾಗಿದೆ, ಬಾತುಗಳನ್ನು ಹೊರಗಿಡಿ. ಮಳೆಯ ಕೆಂಪು ನೀರು ಬಂದಾಗ ಈ ಪರೀಕ್ಷೆ ನಡೆಯುವುದಿಲ್ಲ, ಅದು ಬರೀ ಮಣ್ಣು. ಇನ್ನೊಂದು ಗುರುತು ಅಂದರೆ ಬೆಳಗ್ಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುವುದು. ಚಪ್ಪಾಳೆ ತಟ್ಟಿದರೆ ಒಳಗೆ ಓಡಿದರೆ ಸಮಯವಿದೆ. ತಟ್ಟಿದರೂ ಅಲ್ಲಾಡದೆ ನಿಂತಿದ್ದರೆ ತಕ್ಷಣ ಪಂಪ್ ಹಾಕಿ, ಪೈಪಿನ ಬಾಯಿಗೆ ಬೆರಳಿಟ್ಟು ನೀರನ್ನು ಮೇಲಿಂದ ಚಿಮ್ಮಿಸಿ. ಅವತ್ತು ತಿಂಡಿ ಹಾಕಬೇಡಿ.

ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ನಿಮ್ಮ ಮೀನಿನ ಸಂಖ್ಯೆಯಲ್ಲೇ ಇದೆ. ಗುಂಟೆಗೆ 50 ರಿಂದ 60 ಮರಿ ಸಾಕು. ಅಷ್ಟಿದ್ದರೆ ಮೂರು ಬಾತಿನ ಹಿಕ್ಕೆಯಲ್ಲಿ ತಿಂಡಿ ಖರ್ಚು ಚೆನ್ನಾಗಿ ಉಳಿಯುತ್ತದೆ. 300 ಮೀನಿಗೆ ಆ ನೀರಲ್ಲಿ ಹುಟ್ಟುವುದು ಸಾಲದು. ತೌಡು, ಕಡಲೆಕಾಯಿ ಹಿಂಡಿ ಸಮಪಾಲು ಕಲಸಿ ಹಾಕಲೇಬೇಕು. ಆಗ ಆ ತಿಂಡಿಯ ಗಲೀಜೂ ನೀರಿಗೇ ಸೇರುತ್ತದೆ. ಕೈಲಾದರೆ ಅರ್ಧಕ್ಕೂ ಹೆಚ್ಚು ಮರಿಗಳನ್ನು ಪಕ್ಕದವರ ಹೊಂಡಕ್ಕೆ ಕೊಟ್ಟುಬಿಡಿ. ಉಳಿದವು ಬೇಗ ದಪ್ಪ ಆಗುತ್ತವೆ. ಹೊಂಡದ ತಳದಲ್ಲಿ ಮೇಯಲು ಒಂದಷ್ಟು ಮೃಗಾಲ್ ಅಥವಾ ಸಾಮಾನ್ಯ ಗೆಂಡೆ ಇದ್ದರೆ ಒಳ್ಳೆಯದು. ಕಾಟ್ಲಾ ಮೇಲೆ, ರೋಹು ನಡುವೆ, ಇವು ಕೆಳಗೆ. ಯಾರಾದರೂ ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಅದನ್ನು ಸಾಕುವುದು ನಿಷೇಧ. ಮಳೆಯಲ್ಲಿ ಹೊಂಡ ತುಂಬಿ ಹರಿದು ಅದು ಹಳ್ಳ ಸೇರಿದರೆ ಅಲ್ಲಿನ ಊರ ಮೀನುಗಳ ಕಥೆ ಮುಗಿಯಿತು.

ಈಗ ಹನ್ನೆರಡು ಬಾತಿನ ದಾರಿ. ಬಾತಿಗೆ ಈಜಲು ಹೊಂಡ ಬೇಕೇ ಬೇಕು ಅಂತಿಲ್ಲ. ತಲೆ, ಕೊಕ್ಕು ಪೂರ್ತಿ ಮುಳುಗಿಸಿ ಮೂಗು, ಕಣ್ಣು ತೊಳೆದುಕೊಳ್ಳುವಷ್ಟು ನೀರಿದ್ದರೆ ಆರೋಗ್ಯವಾಗಿ ಇರುತ್ತದೆ. ಹೊಂಡದಿಂದ ದೂರ ಗೂಡು ಕಟ್ಟಿ, ಅದರ ಪಕ್ಕ ಒಂದು ಸಿಮೆಂಟ್ ತೊಟ್ಟಿ ಇಡಿ. ದಿನಾ ಆ ತೊಟ್ಟಿಯ ನೀರನ್ನು ಬಾಳೆ ಬುಡಕ್ಕೋ ತೆಂಗಿನ ಬುಡಕ್ಕೋ ಚೆಲ್ಲಿ. ನಮ್ಮ ಬಾಳೆಗೆ ಬೇರೆ ಗೊಬ್ಬರ ಹಾಕಿದ್ದೇ ನೆನಪಿಲ್ಲ. ಹೊಂಡಕ್ಕೆ ಬಿಸಿಲಿರುವ ದಿನ ಸ್ವಲ್ಪ ಹೊತ್ತು ಮಾತ್ರ ಬಿಡಿ. ಮಕ್ಕಳಿಗೂ ಅಷ್ಟು ಹೊತ್ತು ನೋಡಿದರೆ ಸಾಕು.

ಗೂಡಿನಿಂದ ಬೆಳಗ್ಗೆ ಒಂಬತ್ತರ ಮೊದಲು ಬಿಡಬೇಡಿ. ಮೊಟ್ಟೆ ಇಡುವುದು ಹೆಚ್ಚಾಗಿ ರಾತ್ರಿ ಕಳೆದು ಬೆಳಗ್ಗೆ ಅಷ್ಟರೊಳಗೆ. ಮೊದಲೇ ಬಿಟ್ಟರೆ ಮೊಟ್ಟೆ ಕೆಸರಲ್ಲೋ ನೀರಲ್ಲೋ ಹೋಗುತ್ತದೆ. ಮೊಟ್ಟೆಗಾದರೆ ಖಾಕಿ ಕ್ಯಾಂಬೆಲ್ ತಳಿ ತನ್ನಿ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 300ರ ಹತ್ತಿರ ಇಡುತ್ತದೆ. ಆದರೆ ಕಾವು ಕೂರುವುದು ಅಪರೂಪ. ಮರಿ ಬೇಕಿದ್ದರೆ ನಾಟಿ ಕೋಳಿಯ ಕೆಳಗೆ ಮೊಟ್ಟೆ ಇಡಿ, 28 ದಿನಕ್ಕೆ ಒಡೆಯುತ್ತದೆ. ಮೊಟ್ಟೆ ತಿನ್ನುವುದಕ್ಕೆ ಮಾತ್ರವಾದರೆ ಗಂಡು ಬೇಕಿಲ್ಲ. ದೊಡ್ಡದಾದ ಗಂಡಿನ ಬಾಲದ ಮೇಲೆ ಸುರುಳಿ ಗರಿ ಇರುತ್ತದೆ. ಜೋರಾಗಿ ಕೂಗುವುದು ಹೆಣ್ಣು, ಗಂಡಿನದು ಗೊಗ್ಗರು ದನಿ. ಬಾತಿನ ಮೊಟ್ಟೆಯನ್ನು ಪೂರ್ತಿ ಬೇಯಿಸಿಯೇ ತಿನ್ನಿ, ಹಸಿಬಿಸಿ ಬೇಡ.

ತಿಂಡಿ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮೆಕ್ಕೆಜೋಳ ಬಾತಿಗೆ ವಿಷ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ. ಕೋಳಿ ತಡೆದುಕೊಳ್ಳುವಷ್ಟು ಬಾತು ತಡೆದುಕೊಳ್ಳುವುದಿಲ್ಲ, ಲಿವರ್ ಹೋಗುತ್ತದೆ. ನಮ್ಮ ಮಳೆಗಾಲದಲ್ಲಿ ಒಂದು ಚೀಲ ಹಿಂಡಿ ಬೂಷ್ಟು ಹಿಡಿಯಲು ಎಷ್ಟು ದಿನ ಬೇಕು ಅಂತ ನಿಮಗೇ ಗೊತ್ತು. ಮೀನಿಗೆ ಅಂತ ತಂದಿಟ್ಟ ಹಿಂಡಿಯನ್ನೇ ಬಾತಿಗೂ ಹಾಕುವ ಮೊದಲು ಮೂಸಿ ನೋಡಿ. ಮಳೆಗಾಲದಲ್ಲಿ ನಾನು ಅಕ್ಕಿ ನುಚ್ಚು, ರಾಗಿ, ಹೊಸ ತೌಡು ಒದ್ದೆ ಮಾಡಿ ಹಾಕುತ್ತೇನೆ. ಒಣ ತಿಂಡಿ ಹಾಕಿದರೆ ಪಕ್ಕದಲ್ಲೇ ನೀರಿರಬೇಕು, ಇಲ್ಲದಿದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗದ್ದೆ ಬದಿಯಲ್ಲಿ ಮೇಯಲು ಬಿಟ್ಟರೆ ಬಸವನಹುಳು ತಿಂದು ಅರ್ಧ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ದನಗಳಿಗೆ ಬರುವ ಲಿವರ್ ಹುಳ ಬೆಳೆಯುವುದೂ ಈ ನೀರು ಬಸವನಹುಳುಗಳಲ್ಲೇ. ಹಾಗಾಗಿ ಹಸು ಇರುವ ಮನೆಗೆ ಬಾತಿನಿಂದ ಇನ್ನೊಂದು ಲಾಭ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು: ನಿಮ್ಮ ಹೊಂಡದ ಮೇಲ್ಗಡೆ ಏನಿದೆ? ಕಾಫಿ ತೋಟವಾ, ಅಡಿಕೆಯಾ, ಶುಂಠಿಯಾ? ಮಳೆಗೆ ಮುಂಚೆ ಗಿಡಗಳ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಮೀನಿಗೆ ಕಡು ವಿಷ. ಹುಳಿ ಮಣ್ಣಿನ, ಸುಣ್ಣದಂಶ ಕಡಿಮೆ ಇರುವ ನಮ್ಮ ನೀರಲ್ಲಿ ಅದರ ಹೊಡೆತ ಇನ್ನೂ ಜೋರು. ಡ್ರಮ್ ತೊಳೆದ ನೀರು ಹರಿದು ಬಂದರೂ ಮೀನು ತೇಲುತ್ತದೆ. ಕಾಫಿ ಕೊಯ್ಲಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು ಬಂದು ಸೇರಿದರೆ ಅದು ಕೊಳೆಯುವಾಗ ಹೊಂಡದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಶುಂಠಿಗೆ ಹಾಕುವ ಹರಳು ವಿಷವನ್ನು ಬಾತುಗಳು ಕಾಳು ಅಂತಲೇ ಹೆಕ್ಕುತ್ತವೆ. ಮೇಲಿನ ನೀರು ಹೊಂಡಕ್ಕೆ ಬಾರದ ಹಾಗೆ ಸುತ್ತ ಒಂದು ಚರಂಡಿ ತೆಗೆಸಿ. ಬಾತಿಗೆ ಗೂಡು ಕಟ್ಟುವುದಕ್ಕಿಂತ ಮೊದಲು ಈ ಕೆಲಸ. ಹುಳಿ ನೀರಿಗೆ ಕೃಷಿ ಸುಣ್ಣ ಹಾಕಬಹುದು. ಮೀನಿರುವ ಹೊಂಡಕ್ಕೆ ಸುಟ್ಟ ಸುಣ್ಣ ಬೇಡ.

ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದೀರಾ ಅಂತ ನೀವು ಬರೆದಿಲ್ಲ. ಹಾಸಿದ್ದರೆ ಬಾತು ಹತ್ತಿ ಬರಲು ಒರಟು ಹಲಗೆ ಇಳಿಬಿಡಿ. ಜಾರುವ ಹಾಳೆಯ ಮೇಲೆ ಅವು ಹತ್ತಲಾರವು, ದಣಿದು ಮುಳುಗುವುದೂ ಉಂಟು. ಮಕ್ಕಳಿರುವ ಮನೆ ಅಂದಿರಲ್ಲ, ಬೇಲಿ ಮತ್ತು ಬೀಗ ಇರುವ ಗೇಟು ಆಗಲೇಬೇಕು. ಒಂದು ಹಗ್ಗ, ಗಾಳಿ ತುಂಬಿದ ಟ್ಯೂಬು ದಡದಲ್ಲೇ ಇರಲಿ. ಮಣ್ಣಿನ ಹೊಂಡವಾದರೆ ಬಾತುಗಳು ಏರಿಯ ಅಂಚನ್ನು ಕೆದಕಿ ಜರುಗಿಸುತ್ತವೆ. ಅವು ಇಳಿಯುವ ಒಂದು ಜಾಗ ಬಿಟ್ಟು ಉಳಿದ ಕಡೆ ಕಲ್ಲು ಜೋಡಿಸಿ.

ರಾತ್ರಿ ಗೂಡಿಗೆ ಗಟ್ಟಿ ಜಾಲರಿ ಹಾಕಿ. ನಾಯಿ, ಮುಂಗುಸಿ, ಕಾಡುಬೆಕ್ಕು ಮೂರಕ್ಕೂ ಬಾತು ಅಂದರೆ ಇಷ್ಟ, ಅದಕ್ಕೆ ಓಡಲೂ ಬರುವುದಿಲ್ಲ. ಪಕ್ಕದ ಮನೆ ತೀರಾ ಹತ್ತಿರ ಇದ್ದರೆ ಅವರಿಗೂ ಒಂದು ಮಾತು ಹೇಳಿಡಿ. ರಾತ್ರಿ ಏನಾದರೂ ಸುಳಿದರೆ ಹನ್ನೆರಡೂ ಒಟ್ಟಿಗೆ ಎಬ್ಬಿಸುವ ಗಲಾಟೆ ಸಣ್ಣದಲ್ಲ.

ಬಾತಿನ ಮರಿ ಎಲ್ಲಿ ಸಿಗುತ್ತದೆ ಅಂತಲೂ ಕೇಳಿದ್ದೀರಿ. ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಸಂಸ್ಥೆಯಲ್ಲಿ ವಿಚಾರಿಸಿ. ಮರಿ ಯಾವಾಗಲೂ ಸಿದ್ಧ ಇರುವುದಿಲ್ಲ, ಫೋನ್ ಮಾಡಿ ಬುಕ್ ಮಾಡಿಕೊಂಡೇ ಹೊರಡಿ. ತಂದ ಮೇಲೆ ಮೊದಲ ಮೂರು ವಾರ ಬಲ್ಬಿನ ಶಾಖ ಕೊಡಿ, ಹೊಂಡದ ಹತ್ತಿರ ಬಿಡಬೇಡಿ. ಆ ವಯಸ್ಸಿನಲ್ಲಿ ಗರಿ ಬಲಿತಿರುವುದಿಲ್ಲ, ನೆನೆದರೆ ಚಳಿಗೆ ಸಾಯುತ್ತವೆ. ಎಂಟು ವಾರ ಆದ ಮೇಲೆ ಬಾತು ಪ್ಲೇಗಿನ ಲಸಿಕೆ ಬಗ್ಗೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಬಾತು ಮಂಕಾಗಿ ಕೂತರೆ ಅಲ್ಲಿಗೂ ತೋರಿಸಬಹುದು. ಈಗ ಮರಿ ತಂದರೆ ಅವು ನೀರಿಗಿಳಿಯುವಷ್ಟರಲ್ಲಿ ನಿಮ್ಮ ಮೀನೂ ನಾಲ್ಕು ಇಂಚು ದಾಟಿರುತ್ತದೆ.